ಹತ್ತು ಕಾಳು, ನೂರು ಕಾಳು

ಅನ್ನ ಬೆಂದಿದೆಯೇ ಎಂದು ತಿಳಿಯಲು ಅಮ್ಮ ಪಾತ್ರೆಯಲ್ಲಿರುವ ಅನ್ನವನ್ನೆಲ್ಲ ಹಿಸುಕಿ ನೋಡುತ್ತಾರೆಯೇ? ಇಲ್ಲ. ಒಂದೆರಡು ಅಗುಳು ಸಾಕು. ಕುದಿಯುವ ನೀರಿನಲ್ಲಿ ಎಲ್ಲ ಅಗುಳೂ ಹೆಚ್ಚುಕಡಿಮೆ ಒಂದೇ ರೀತಿ ಬೇಯುತ್ತವೆ. ಬಿತ್ತನೆ ಬೀಜ ಹಾಗಲ್ಲ. ಒಂದು ಕಾಳು ಮೊಳೆತರೆ ಪಕ್ಕದ್ದು ಮೊಳೆಯದೇ ಇರಬಹುದು. ಹಾಗಾದರೆ ಎಷ್ಟು ಕಾಳು ನೋಡಿ ಇಡೀ ಚೀಲದ ಬಗ್ಗೆ ಮಾತನಾಡಬಹುದು?

ನಾನಿರುವುದು ಬೆಂಗಳೂರಿನ ಉತ್ತರ ಭಾಗದ ಅಲ್ಲಾಳಸಂದ್ರದಲ್ಲಿ. ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ನಮಗೆ ಹತ್ತಿರ. ಅಲ್ಲಿ ಕೆಲಸವಿದೆಯೆಂದು ದೊಡ್ಡಪ್ಪ ಒಮ್ಮೆ ಊರಿನಿಂದ ಬಂದರು. ಕೈಯಲ್ಲಿ ರಾಗಿ ಬೀಜದ ಚೀಲ, ಮುಖದಲ್ಲಿ ಕೋಪ.

"ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದೆ. ಆರೇ ಮೊಳೆತಿವೆ. ಅಂಗಡಿಯವನು ಮೋಸ ಮಾಡಿದ್ದಾನೆ. ನಾಲ್ಕು ಜನರ ಮುಂದೆ ಕೇಳ್ತೀನಿ" ಎಂದರು.

ಪ್ರಮಾಣಿತ ರಾಗಿ ಬೀಜ ನೂರಕ್ಕೆ ಕನಿಷ್ಠ 75ರಷ್ಟು ಮೊಳೆಯಬೇಕೆಂಬ ನಿಯಮವಿದೆ. ಚೀಲದ ಚೀಟಿಯಲ್ಲೂ ಹಾಗೆಯೇ ಇತ್ತು. ಒಬ್ಬರನ್ನು ಮೋಸಗಾರ ಎನ್ನುವುದು ಸಣ್ಣ ಮಾತಲ್ಲ. ಕೆಟ್ಟ ಬೀಜ ಬಿತ್ತಿದರೆ ವರ್ಷದ ಬೆಳೆಯೇ ಹೋಗುತ್ತದೆ, ಅದೂ ಸಣ್ಣದಲ್ಲ. "ಸ್ವಲ್ಪ ತಾಳಿ ದೊಡ್ಡಪ್ಪ, ಲೆಕ್ಕ ಹಾಕೋಣ" ಎಂದೆ.

ಮೊದಲು ಚೀಟಿಯ ಮಾತು ನಿಜ ಎಂದೇ ಇಟ್ಟುಕೊಳ್ಳಿ. ಇದಕ್ಕೆ 'ಶೂನ್ಯ ಊಹೆ' ಎನ್ನುತ್ತಾರೆ. ಆಮೇಲೆ ಹೀಗೆ ಕೇಳಿ: ಅದು ನಿಜವಾಗಿದ್ದರೂ ಹತ್ತರಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ಕಾಳು ಮೊಳೆಯುವುದು ಎಷ್ಟು ಅಪರೂಪ?

ಇದನ್ನು ನೀವೇ ಮಾಡಿ ನೋಡಿ. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ. ಎರಡೂ ಹೆಡ್ ಬಿದ್ದರೆ 'ಮೊಳೆಯಲಿಲ್ಲ', ಉಳಿದಂತೆ ಹೇಗೆ ಬಿದ್ದರೂ 'ಮೊಳೆಯಿತು'. ಎರಡೂ ಹೆಡ್ ಬೀಳುವುದು ಸರಾಸರಿ ನಾಲ್ಕರಲ್ಲಿ ಒಂದು ಸಲ. ಆದ್ದರಿಂದ ಇದು ನೂರಕ್ಕೆ 75 ಮೊಳೆಯುವ ಬೀಜದಂತೆಯೇ. ಹತ್ತು ಸಲ ಚಿಮ್ಮಿದರೆ ಹತ್ತು ಕಾಳು ಕಟ್ಟಿದಂತೆ. ತರಗತಿಯ 40 ಮಕ್ಕಳೂ ಹೀಗೆ ಮಾಡಿದರೆ, ಸುಮಾರು 9 ಮಂದಿಗೆ ಆರು ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ಅಂದರೆ ಒಳ್ಳೆಯ ಬೀಜದಲ್ಲೂ ಇದು ಆಗಾಗ ಆಗುವಂಥದ್ದೇ!

ಈಗ ನೂರು ಕಾಳು ಕಟ್ಟಿ 60 ಮಾತ್ರ ಮೊಳೆತವು ಎನ್ನಿ. ಲೆಕ್ಕ ಹತ್ತರಲ್ಲಿ ಆರೇ. ಆದರೆ ಒಳ್ಳೆಯ ಬೀಜದಲ್ಲಿ ಇಷ್ಟು ಕಡಿಮೆಯಾಗುವುದು ಸಾವಿರ ಸಲಕ್ಕೆ ಒಂದು ಸಲವೂ ಕಷ್ಟ. ಆಗ ಚೀಟಿಯ ಮಾತನ್ನು ಅನುಮಾನಿಸಲು ಬಲವಾದ ಕಾರಣ ಸಿಗುತ್ತದೆ. ಕಾಳು ಹೆಚ್ಚಿದಷ್ಟೂ ಆಕಸ್ಮಿಕದ ಆಟ ಕಡಿಮೆ. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ 400 ಕಾಳು ಇಟ್ಟು ನೋಡುವುದು ಇದಕ್ಕಾಗಿಯೇ.

ನಾವು ಚೀಲದ ಬೇರೆ ಬೇರೆ ಕಡೆಯಿಂದ ನೂರು ಕಾಳು ತೆಗೆದು ಕಟ್ಟಿದೆವು. ವಾರದ ನಂತರ ಎಣಿಸಿದಾಗ 78 ಮೊಳೆತಿದ್ದವು. ದೊಡ್ಡಪ್ಪ ಅಂಗಡಿಗೆ ಜಗಳಕ್ಕೆ ಹೋಗಲಿಲ್ಲ. "ಹಾಗಾದರೆ ಬೀಜ ಒಳ್ಳೆಯದು ಅಂತ ಸಾಬೀತಾಯಿತಲ್ಲ?" ಎಂದರು. ಅದೂ ಪೂರ್ತಿ ಸರಿಯಲ್ಲ. ಚೀಟಿ ಸುಳ್ಳು ಎನ್ನಲು ಆಧಾರ ಸಿಗಲಿಲ್ಲ, ಅಷ್ಟೇ.

ಎಷ್ಟು ಅಪರೂಪವಾದರೆ ಅನುಮಾನಿಸಬೇಕು? ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ ಎಂಬ ರೂಢಿಯನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಆರ್.ಎ. ಫಿಷರ್. ಅವರೂ 1919ರಿಂದ ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಬೆಳೆಗಳ ಲೆಕ್ಕ ನೋಡುತ್ತಿದ್ದವರು. ಅವರ ಶಿಷ್ಯರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಊಹೆಗಳನ್ನು ಪರೀಕ್ಷಿಸಲು 1948ರಲ್ಲಿ ಅವರು ಕೊಟ್ಟ ವಿಧಾನವನ್ನು ಇಂದಿಗೂ ಬಳಸುತ್ತಾರೆ. 2023ರಲ್ಲಿ, 102ನೆಯ ವಯಸ್ಸಿನಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಅವರು ನಿಧನರಾದರು.

ನಾಳೆ ಶಾಲೆಗೆ ಎರಡು ನಾಣ್ಯ ತನ್ನಿ. ನಿಮ್ಮ ತರಗತಿಯಲ್ಲಿ ಎಷ್ಟು ಮಂದಿಗೆ ಆರು ಅಥವಾ ಅದಕ್ಕಿಂತ ಕಡಿಮೆ ಬಂತು, ಕರಿಹಲಗೆಯ ಮೇಲೆ ಬರೆದು ನೋಡಿ.