ಕುಡಚಿಯಲ್ಲಿ ರೈಲು ಹತ್ತಿದವರು

ತೇರದಾಳದಿಂದ ಮುಂಬಯಿಗೆ ಹೋಗುವವರು ಮೊದಲು ಕುಡಚಿ ಮುಟ್ಟಬೇಕಿತ್ತು. ಜಮಖಂಡಿ, ಬನಹಟ್ಟಿ, ರಬಕವಿ, ಹಾರೂಗೇರಿ, ಆ ಸೀಮೆಯವರು ಪುಣೆ-ಮುಂಬಯಿ ಕಡೆ ರೈಲು ಹಿಡಿಯಬೇಕೆಂದರೆ ಕುಡಚಿಗೇ ಬರಬೇಕು. ನನ್ನ ಅಜ್ಜ-ಅಜ್ಜಿ, ನಮ್ಮ ಮಾತಿನಲ್ಲಿ ಮುತ್ಯಾ ಮತ್ತು ಆಯಿ, ತೇರದಾಳದಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದು, ಎರಡು ಸಣ್ಣ ಮಕ್ಕಳನ್ನು ಕರಕೊಂಡು ರೈಲು ಹತ್ತಿದರು ಎಂಬಷ್ಟೇ ನಮ್ಮ ಮನೆಯಲ್ಲಿ ಉಳಿದ ಕಥೆ. ಮುತ್ಯಾ ಪರೇಲಿನ ಬಟ್ಟೆ ಗಿರಣಿಯಲ್ಲಿ ಸಾಂಚಾ, ಅಂದರೆ ಯಂತ್ರಮಗ್ಗ, ನಡೆಸುತ್ತಿದ್ದ. ಆಯಿ ಚಾಳಿನ ಒಂದೇ ಖೋಲಿಯಲ್ಲಿ ಖಾನಾವಳಿ ಇಟ್ಟಿದ್ದಳು. ನಾನು ಸಾಲೆಯಲ್ಲಿರುವಾಗಲೇ ಇಬ್ಬರೂ ತೀರಿಕೊಂಡರು. ಒಂದು ಪತ್ರವಿಲ್ಲ, ಫೋಟೋ ಇಲ್ಲ. ಅಪ್ಪನನ್ನು ಕೇಳಿದರೆ "ಹೊಟ್ಟೀಗಾಗಿ ಬಂದ್ರು" ಎಂದು ಸುಮ್ಮನಾಗುತ್ತಿದ್ದ. ನನಗೆ ಸುಮ್ಮನಿರಲು ಆಗಲಿಲ್ಲ. ಅವರು ಹೋದ ದಾರಿಯನ್ನೇ ಹಿಡಿದು ತಿರುಗಿ ಬಂದರೆ, ಮನುಷ್ಯರು ಹೇಳದಿದ್ದನ್ನು ದಾರಿಯಾದರೂ ಹೇಳೀತು ಎಂದು ಹೊರಟೆ.

ದಾರಿ ಪುಣೆಯಿಂದಲೇ ಹೇಳತೊಡಗಿತು. ಮುಂಬಯಿಯಿಂದ ಪುಣೆಯವರೆಗೆ ಮೊದಲಿನಿಂದಲೂ ಬ್ರಾಡ್‌ಗೇಜ್. ಪುಣೆಯಿಂದ ಮೀರಜ, ಕುಡಚಿ, ಬೆಳಗಾವಿ ಕಡೆ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು ಮೀಟರ್‌ಗೇಜ್. 1971ರಲ್ಲಿ ಮೀರಜದವರೆಗೆ ಹಳಿ ಅಗಲವಾಯಿತು, ಕುಡಚಿಯ ಸರದಿ ಬರಲು ತೊಂಬತ್ತರ ದಶಕವೇ ಆಯಿತು. ನಾನೋ ದಾದರಿನಲ್ಲಿ ಮಲಗಿ ಮೀರಜದಲ್ಲಿ ಎದ್ದವಳು. ಅವರು ಕುಡಚಿಯಲ್ಲಿ ಹತ್ತಿದ ಸಣ್ಣ ಗಾಡಿಯಿಂದ ಪುಣೆಯಲ್ಲಿ ಇಳಿದು, ಗಂಟುಮೂಟೆ ಹೊತ್ತು, ಜನಜಂಗುಳಿಯಲ್ಲಿ ಮಕ್ಕಳ ಕೈ ಬಿಡದೆ ದೊಡ್ಡ ಗಾಡಿ ಹುಡುಕಬೇಕಿತ್ತು. ಆಯಿಗೆ ಆಗ ಒಂದಕ್ಷರ ಮರಾಠಿ ಬರುತ್ತಿರಲಿಲ್ಲ. ಪುಣೆ ದಾಟಿದ ಮೇಲೆ ಖಂಡಾಳಾ ಘಾಟು, ಸುರಂಗದ ಮೇಲೆ ಸುರಂಗ. ಬಯಲುಸೀಮೆ ಬಿಟ್ಟು ಹೊರಬೀಳದಿದ್ದ ಹೆಂಗಸು ಹಾಡುಹಗಲಲ್ಲಿ ಕತ್ತಲಾಗುವುದನ್ನು ಹೇಗೆ ನೋಡಿದಳೋ! ಅಷ್ಟು ಗಟ್ಟಿ ಜೀವ ನಮ್ಮ ಮನೆಯಲ್ಲಿ ಬದುಕಿ ಹೋಯಿತಲ್ಲ ಎಂದು ಆ ರಾತ್ರಿ ಬರ್ತಿನ ಮೇಲೆ ಮಲಗಿದವಳಿಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಆ ದಾರಿಯಲ್ಲಿ ರಾಜರೂ ಬದಲಾಗುತ್ತಿದ್ದರು. ತೇರದಾಳ ಸಾಂಗಲಿ ಸಂಸ್ಥಾನದ್ದು, ಪಕ್ಕದ ರಾಯಬಾಗ ಕೊಲ್ಹಾಪುರದ್ದು, ಮೀರಜಕ್ಕೆ ಮೀರಜದ್ದೇ ಪಟವರ್ಧನರು, ಪುಣೆ ಇಂಗ್ಲಿಷರದ್ದು. 1948ರಲ್ಲಿ ಸಾಂಗಲಿ, ಮೀರಜಗಳು, ಮರುವರ್ಷ ಕೊಲ್ಹಾಪುರ, ಎಲ್ಲವೂ ಮುಂಬಯಿ ಪ್ರಾಂತದಲ್ಲಿ ಸೇರಿದವು. ಆಗ ಸ್ವಲ್ಪ ಕಾಲ ಮುತ್ಯಾನ ಊರೂ ಅವನ ಗಿರಣಿಯೂ ಒಂದೇ ಸರಕಾರದ ಕೆಳಗಿದ್ದವು. 1956ರ ನವೆಂಬರ್ 1ರಂದು ಊರು ಮೈಸೂರು ರಾಜ್ಯಕ್ಕೆ ಬಂತು. ಮುತ್ಯಾ ಅಂದೂ ಪಾಳಿಗೆ ಹೋಗಿರಬೇಕು. ಹಿಂದಿನ ಸಂಜೆ ಬರುವಾಗ ಸ್ವಂತ ರಾಜ್ಯದವನು, ಅಂದು ಬೆಳಿಗ್ಗೆ ಹೋಗುವಾಗ ಹೊರಗಿನವನು. ಈ ಸಂಗತಿ ಅವನಿಗೆ ಯಾರು ಹೇಳಿದರು, ಹೇಳಿದಾಗ ಅವನಿಗೆ ಏನನ್ನಿಸಿತು? ನನಗೆ ತಿಳಿಯಬೇಕೆಂದು ಇಂದಿಗೂ ಆಸೆ.

ಮೀರಜದಿಂದ ಪ್ಯಾಸೆಂಜರ್ ಗಾಡಿ. ಶೇಡಬಾಳ ದಾಟಿತು, ಉಗಾರ ಬಂತು. ಅಲ್ಲಿ 1939ರಿಂದ ಸಕ್ಕರೆ ಕಾರಖಾನೆ ಇದೆ. ಹಳಿಯ ಎರಡೂ ಬದಿಗೆ ಕಬ್ಬು, ಕಣ್ಣು ಹಾಯುವಷ್ಟೂ ಕಬ್ಬು. ಆಮೇಲೆ ಚಕ್ರಗಳ ಸದ್ದು ಒಮ್ಮೆಲೇ ಬದಲಾಯಿತು. ಎದುರಿನ ಹೆಣ್ಣುಮಗಳು ಸೆರಗು ತಲೆಗೇರಿಸಿ, ಕಿಟಕಿಯಾಚೆ ನಾಣ್ಯ ಒಗೆದು ಕೈ ಮುಗಿದಳು. ಕೃಷ್ಣೆ!

ನಾನು ಎದ್ದು ಬಾಗಿಲಿಗೆ ಬಂದೆ. ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನೆಯನ್ನು, ಸಾಂಗಲಿಯ ಬಳಿ ವಾರಣೆಯನ್ನು, ನರಸೋಬಾ ವಾಡಿಯಲ್ಲಿ ಪಂಚಗಂಗೆಯನ್ನು, ಯಡೂರಿನ ಹತ್ತಿರ ದೂಧಗಂಗೆಯನ್ನು ಕೂಡಿಸಿಕೊಂಡು ಬಂದ ಹೊಳೆ ಅದು. ರಾತ್ರಿ ನಾನು ನಿದ್ದೆಯಲ್ಲಿ ದಾಟಿದ ಕರಾಡ, ಸಾಂಗಲಿಗಳ ನೀರೆಲ್ಲ ಇಲ್ಲಿ ನನ್ನ ಕಾಲ ಕೆಳಗೆ ಹರಿಯುತ್ತಿತ್ತು. ಮುತ್ಯಾ, ಆಯಿ ಪುಣೆಯ ಕಡೆ ಹೊರಟಾಗ ಈ ನೀರು ಅವರಿಗೆ ಉದ್ದಕ್ಕೂ ಎದುರಾಗಿ ಬಂದಿತ್ತು. ಅವರು ಬಿಟ್ಟುಹೋದ ಸೀಮೆಯ ಕಡೆಗೇ ಅದು ಹೊರಟಿತ್ತು. ಬೇಸಿಗೆಯಾದ್ದರಿಂದ ನನಗೆ ಸಾಧು ಹೊಳೆ ಕಂಡಿತು. ಆದರೆ 2005, 2019, 2021ರ ಮಹಾಪೂರ ಕಂಡವರನ್ನು ಕೇಳಬೇಕು. ಮಳೆಗಾಲದಲ್ಲಿ ಕುಡಚಿ-ಉಗಾರ ರಸ್ತೆ ಸೇತುವೆ ನೀರಿನಡಿ ಹೋದರೆ ಎರಡು ದಂಡೆಯ ಸಂಬಂಧವೇ ಕಡಿದಂತೆ.

ಕುಡಚಿಯಲ್ಲಿ ಇಳಿದೆ. ಸ್ಟೇಶನ್ನಿನ ಹೊರಗೆ ಚಹಾದಂಗಡಿಯವನಿಗೆ "ಹಿಂದ ಮುಂಬಯಿ ಗಿರಣ್ಯಾಗ ದುಡಿದವರು ಯಾರಾದ್ರೂ ಇದ್ದಾರೇನ್ರಿ?" ಎಂದೆ. ಅವನು ಬಸಿಯಲ್ಲಿ ಚಹಾ ಸುರಿಯುವುದನ್ನು ನಿಲ್ಲಿಸದೆ, "ಚಾಚಾ ಅದಾರಲ್ಲ" ಎಂದು ಒಬ್ಬ ಹುಡುಗನನ್ನು ನನ್ನ ಜೊತೆ ಕಳಿಸಿದ. ಮಾಸಾಹೇಬಾ ದರ್ಗಾದ ದಾರಿ ಕೇಳುವವರು ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತಾರೆ. ಗಿರಣಿಯವರನ್ನು ಹುಡುಕಿ ಬಂದವಳನ್ನು ಅವನು ನೋಡಿದ್ದು ಇದೇ ಮೊದಲಂತೆ.

ಚಾಚಾಗೆ ಎಂಬತ್ತು ದಾಟಿದೆ. ಕನ್ನಡಕ ಒರೆಸಿ, ನಾನು ಹೇಳಿದ ಚಾಳಿನ ಹೆಸರು ಕೇಳಿ, ಕೈ ಎತ್ತಿ ನನ್ನ ಮಾತು ತಡೆದರು.

"ತಾಳು ಬೇಟಿ. ನಿಮ್ಮ ಆಯಿ ಎಡಗೈಲೇ ರೊಟ್ಟಿ ಬಡೀತಿದ್ದಳೇನು?"

ನನ್ನ ಮೈ ಜುಮ್ಮೆಂದಿತು. ಹೌದು, ಎಡಗೈಲೇ. ಬಲಗೈ ಕೊಣಮಿಗೆಯನ್ನು ಹಿಡಿದು ತಿರುಗಿಸುತ್ತಿತ್ತು, ಎಡಗೈ ತಟ್ಟುತ್ತಿತ್ತು. ಇದನ್ನು ನೆನಪಿಟ್ಟವಳು ಲೋಕದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ.

ಚಾಚಾ ಅರವತ್ತರ ದಶಕದಲ್ಲಿ ಹೋದವರು. ಮೊದಲು ಬದಲಿ ಕೆಲಸ: ದಿನಾ ಗಿರಣಿಯ ಗೇಟಿನ ಮುಂದೆ ಕಾರ್ಡು ಹಿಡಿದು ನಿಲ್ಲಬೇಕು, ಯಾರಾದರೂ ಖಾಡೆ ಆದರೆ, ಎಂದರೆ ಕೆಲಸಕ್ಕೆ ಬಾರದಿದ್ದರೆ, ಒಳಗೆ ಕರೆಯುತ್ತಾರೆ. ಅವರ ಕೈ ಹಿಡಿದು, ಕೆಲಸಕ್ಕೆ ಜನರನ್ನು ಸೇರಿಸಿಕೊಳ್ಳುವ ಜಾಬರನ ಮುಂದೆ ನಿಲ್ಲಿಸಿದವನು ನನ್ನ ಮುತ್ಯಾ. "ಊರ ಕಡೀ ಹುಡುಗ ಅಂದ. ಅಷ್ಟ. ನಾ ಕುಡಚಿಯಾಂವ, ಅವ ತೇರದಾಳದಾಂವ. ಪರೇಲದಾಗ ಅದೆಲ್ಲಾ ಒಂದ ಊರು."

ತೇರದಾಳದಲ್ಲಿ ಕೈಮಗ್ಗ ನೇಯುತ್ತಿದ್ದ ಮುತ್ಯಾ ಆ ಮಗ್ಗ ಬಿಟ್ಟಿದ್ದು ಯಾಕೆಂಬುದೂ ಅಲ್ಲೇ ಸಿಕ್ಕಿತು. "ನೂಲ ಸಿಗಲಿಲ್ಲಂತ. ಮಗ್ಗಾ ಇತ್ತು, ಕುಣಿ ಇತ್ತು, ಕೈ ಇತ್ತು, ನೂಲ ಇಲ್ಲ." ಯುದ್ಧಕಾಲದ ಮಾತದು. 1943ರಲ್ಲಿ ಸರಕಾರ ಬಟ್ಟೆಗೂ ನೂಲಿಗೂ ನಿಯಂತ್ರಣ ಆದೇಶ ತಂದಿತು. ಕೈಮಗ್ಗದವರು ನೂಲಿಗಾಗಿ ಅಲೆದಾಡುತ್ತಿದ್ದಾಗ ಮುಂಬಯಿಯ ಗಿರಣಿಗಳು ಯುದ್ಧದ ಬೇಡಿಕೆಗೆ ರಾತ್ರಿಪಾಳಿಯಲ್ಲೂ ಓಡುತ್ತಿದ್ದವು. ತಮ್ಮ ಕುಣಿಮಗ್ಗಕ್ಕೆ ಬಾರದ ನೂಲನ್ನು ಹುಡುಕಿಕೊಂಡು ನೇಕಾರರೇ ನೂಲಿದ್ದಲ್ಲಿಗೆ ನಡೆದರು. ಅಪ್ಪ ಹೇಳುತ್ತಿದ್ದ ಹೊಟ್ಟೆಯ ಕಥೆಯ ಒಳಗೆ ಇಂಥದೊಂದು ಯುದ್ಧವಿತ್ತು!

ಚಾಚಾ ಹೆಚ್ಚು ಮಾತಾಡಿದ್ದು ಖಾನಾವಳಿಯ ಬಗ್ಗೆ. ಗೋಡೆಗೆ ತಾಗಿ ಸಾಲಾಗಿ ಕೂತ ಗಂಡಸರು, ಒಂದು ಪಾಳಿಯವರು ಎದ್ದ ಜಾಗಕ್ಕೆ ಇನ್ನೊಂದು ಪಾಳಿಯವರು. ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯ ಸಿಕ್ಕರೆ ಹಬ್ಬ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆಂದು ರಜೆ ಹಾಕಿ ಬಂದವರು ತಿರುಗಿ ಹೋಗುವಾಗ ಜೋಳ, ಶೇಂಗಾ, ಖಾರದ ಜೊತೆ ದೇವಿಯ ಭಂಡಾರದ ಪುಡಿಕೆಯನ್ನೂ ಆಯಿಗೆ ಒಯ್ಯುತ್ತಿದ್ದರು. "ರೋಜಾ ತಿಂಗಳಾಗ ನಸುಕಿನ್ಯಾಗ ಎದ್ದು ನಮಗ ಬಿಸಿ ರೊಟ್ಟಿ ಮಾಡತಿದ್ದಳು. ನಾವ್ಯಾರೂ ಹೇಳಿರಲಿಲ್ಲ ಬೇಟಿ."

1982ರ ಜನವರಿ 18ಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನರ ಕೈಗೆ ಕೆಲಸವಿಲ್ಲ. ಪಗಾರ ನಿಂತರೂ ಆಯಿ ಒಲೆ ಆರಿಸಲಿಲ್ಲವಂತೆ. ಉಂಡದ್ದನ್ನು ವಹಿಯಲ್ಲಿ ಬರೆಯುತ್ತಾ ಹೋದಳು, ಆಮೇಲೆ ಬರೆಯುವುದನ್ನೂ ಬಿಟ್ಟಳು. ಗಿರಣಿಗಳ ಸೀಮೆಯಾದ ಗಿರಣಗಾಂವಿನ ಇಂಥ ಹೆಂಗಸರಿಗಾಗಿಯೇ ಪ್ರೇಮಾ ಪುರವ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನ ಸಾಲ ಕೊಡಿಸುತ್ತಿದ್ದರೆಂದು ನಾನು ಓದಿದ್ದೆ. ಓದುವಾಗ ನನ್ನ ಆಯಿ ಆ ಚರಿತ್ರೆಯೊಳಗಿನ ಹೆಂಗಸು ಎಂದು ಹೊಳೆದೇ ಇರಲಿಲ್ಲ. ಮನೆಯಲ್ಲಿ ನಾವೆಲ್ಲ ಮುತ್ಯಾನನ್ನು ದುಡಿದವನೆಂದೂ ಆಯಿಯನ್ನು ಅಡಿಗೆ ಮಾಡಿದವಳೆಂದೂ ಎಣಿಸಿದ್ದೆವು. ಆ ಎಣಿಕೆ ಬದಲಾಗಬೇಕು. ಮುಂಬಯಿಯ ಗಿರಣಿ ಮಾಲೀಕರು ಕೂಲಿಗೆ ತಂದ ಗಂಡಸರನ್ನು ಬದುಕಿಸಿ ಇಟ್ಟವರು ಈ ಹೆಂಗಸರು.

ಮುಷ್ಕರ ಮುರಿದುಬಿದ್ದ ಮೇಲೆ ಚಾಚಾ ಕುಡಚಿಗೆ ಬಂದರು. ಆಯಿಗೆ ಕೊಡಬೇಕಾದ ಬಾಕಿಯನ್ನು ಮನಿಯಾರ್ಡರ್ ಮಾಡಿದರೆ ಅವಳು ಅದನ್ನು ತಿರುಗಿ ಕಳಿಸಿದಳಂತೆ. "ಹೆಂಗ ಬರಸಿದ್ದಳು ಗೊತ್ತೇನು? ಹುಡುಗರಿಗೆ ಪುಸ್ತಕ ಕೊಡಿಸು ಅಂತ." ಒಳಗಿನಿಂದ ಚಾಚಾರ ಮಗಳು ಚಹಾ ತಂದಿಟ್ಟಳು. ಆಕೆ ಇಲ್ಲಿಯೇ ಸಾಲೆಯಲ್ಲಿ ಟೀಚರ್.

ಮುತ್ಯಾನ ಪಾಳಿಯಲ್ಲಿ ಪಕ್ಕದ ಸಾಂಚಾ ನಡೆಸುತ್ತಿದ್ದವನ ಮಗ ಈಗ ಹಾರೂಗೇರಿಯಲ್ಲಿದ್ದಾನೆಂದು ಚಾಚಾ ಹೇಳಿದರು. ಫೋನೂ ಮಾಡಿಸಿದರು. "ತೇರದಾಳದ ಮನಿ ಅಂವಗ ಗೊತ್ತೈತಿ, ಯಾರ ಗಾಡಿ ಕಟಗೊಂಡ ಬಂದ್ರು ಅನ್ನೂದೂ ಗೊತ್ತಿರಬೇಕು. ಹೋಗು, ತಡಾ ಮಾಡಬ್ಯಾಡ, ಅವಂದೂ ವಯಸ್ಸಾಗೇತಿ."

ಮುತ್ಯಾ, ಆಯಿ ಬಂದ ಗಾಡಿದಾರಿಯ ಸೀಮೆಗೆ ಈಗ ರೈಲೇ ಬರಲಿದೆ. ಬಾಗಲಕೋಟೆ-ಕುಡಚಿ ಮಾರ್ಗ, 142 ಕಿಲೋಮೀಟರ್, 2010-11ರಲ್ಲಿ ಮಂಜೂರಾಗಿ ಬಾಗಲಕೋಟೆ ತುದಿಯಿಂದ ಸರಿಯುತ್ತಾ ಇದೆ. ಅಲ್ಲಿಯವರೆಗೆ ಬಸ್ಸು. ಹಾರೂಗೇರಿಯ ಬಸ್ಸಿನಲ್ಲಿ ಕೂತು ಕೇಳಬೇಕಾದದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡೆ: ಗಾಡಿ ಯಾರದು, ಮಗ್ಗ ಯಾರಿಗೆ ಕೊಟ್ಟರು, ಆಯಿಗೆ ಬರುವ ಮನಸ್ಸಿತ್ತೇ.