ಹನ್ನೆರಡು ವೋಲ್ಟ್ ತಾನೇ?

ಕಳೆದ ವರ್ಷ ಬೇಸಿಗೆಯ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹತ್ತನೆಯ ತರಗತಿಯಲ್ಲಿ ನನ್ನಿಂದಲೇ ಓಮನ ನಿಯಮ ಕಲಿತವನು. ಪಿಯುಸಿ ಮುಗಿಸಿ, ಎರಡು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಬ್ಯಾಂಕಿನಲ್ಲಿ ಸಾಲ ಮಾಡಿ ಬ್ಯಾಟರಿಯಿಂದ ಓಡುವ ಸಣ್ಣ ಟ್ರಕ್ಕೊಂದನ್ನು ಕೊಂಡಿದ್ದ. ಚಿಂತಾಮಣಿ ಸುತ್ತಲಿನ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವುದು, ಬರುವಾಗ ಸಿಕ್ಕಿದ ಬಾಡಿಗೆ ಹೊಡೆಯುವುದು ಅವನ ಕೆಲಸ. ಗಾಡಿ ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ.

ಗೂಡಿನೊಳಗೆ ಹುಳು ಇನ್ನೂ ಜೀವಂತವಾಗಿರುತ್ತದೆ. ಅದು ಉಸಿರಾಡುತ್ತದೆ, ಶಾಖವನ್ನೂ ತೇವವನ್ನೂ ಹೊರಬಿಡುತ್ತದೆ. ಗಾಳಿಯಾಡದ ಡಬ್ಬದಲ್ಲಿ ರಾಶಿ ಹಾಕಿದರೆ ಗೂಡು ಬೆವರಿ ಮೆತ್ತಗಾಗುತ್ತದೆ. ಹರಾಜಿನಲ್ಲಿ ರೀಲರುಗಳು ಕೈಯಲ್ಲಿ ಹಿಡಿದೊಡನೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಹುಡುಗನಿಗೆ ಡಬ್ಬದೊಳಗೆ ಎರಡು ಫ್ಯಾನು ಬೇಕಾಗಿತ್ತು.

"ಸಾರ್, ಗಾಡೀಲಿ ದೊಡ್ಡ ಬ್ಯಾಟರಿ ಅಲ್ದೆ ಹನ್ನೆರಡು ವೋಲ್ಟಿಂದು ಚಿಕ್ಕದೊಂದು ಐತೆ. ಅದರಿಂದ ಕನೆಕ್ಷನ್ ತಗೊಂಡ್ರೆ ತೊಂದ್ರೆ ಏನಾದ್ರೂ ಆಗ್ತದಾ?"

"ಹನ್ನೆರಡು ವೋಲ್ಟ್ ತಾನೇ? ಮುಟ್ಟಿದರೂ ಶಾಕ್ ಹೊಡೆಯಲ್ಲ. ಹಾಕಿಸಪ್ಪ," ಎಂದುಬಿಟ್ಟೆ.

ನಾನು ಬಿ.ಎಸ್ಸಿ. ಓದಿದ್ದು ಗೌರಿಬಿದನೂರಿನ ನ್ಯಾಷನಲ್ ಕಾಲೇಜಿನಲ್ಲಿ. ಅದೇ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರ ನೆರಳಲ್ಲಿ ಬೆಳೆದ ಸಂಸ್ಥೆ ಅದು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಅವರು ಜೀವಮಾನವಿಡೀ ಹೇಳಿಕೊಂಡು ಬಂದರು. ಅಲ್ಲಿಂದ ಬಂದ ನಾನು ಹುಡುಗನಿಗೆ ಒಂದೇ ಒಂದು ಮರುಪ್ರಶ್ನೆ ಹಾಕಲಿಲ್ಲ. ಫ್ಯಾನು ಎಷ್ಟು ವ್ಯಾಟಿನದು, ಎಷ್ಟು ಹೊತ್ತು ತಿರುಗಬೇಕು, ವಾರಂಟಿ ಪುಸ್ತಕದಲ್ಲಿ ಏನು ಬರೆದಿದೆ – ಯಾವುದನ್ನೂ ಕೇಳಲಿಲ್ಲ. ಮೇಷ್ಟ್ರು ಹೇಳಿದರಲ್ಲ ಎಂದು ಅವನು ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ ಫ್ಯಾನು ಹಾಕಿಸಿದ. ಅಂಗಡಿಯವನು ಗಾಡಿಯ ವೈರಿನ ಕಟ್ಟನ್ನು ಬ್ಲೇಡಿನಿಂದ ಸುಲಿದು, ಅದಕ್ಕೇ ಹೊಸ ತಂತಿ ಸುತ್ತಿ ಟೇಪು ಅಂಟಿಸಿದ. ಫ್ಯೂಸ್ ಇಲ್ಲ. ಕೀಲಿ ತೆಗೆದರೂ ಫ್ಯಾನು ತಿರುಗುತ್ತಲೇ ಇರುವಂತೆ ಕೊಟ್ಟ. ಹುಡುಗನಿಗೆ ಬೇಕಾಗಿದ್ದೂ ಅದೇ.

ಮೂರು ವಾರ ಎಲ್ಲವೂ ಚೆನ್ನಾಗಿತ್ತು. ಒಂದು ರಾತ್ರಿ ಹತ್ತಕ್ಕೆ ಗೂಡು ತುಂಬಿ, ಫ್ಯಾನು ಹಾಕಿ ಮಲಗಿದವನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೀಲಿ ತಿರುಗಿಸಿದರೆ ಗಾಡಿ ಉಸಿರೆತ್ತಲಿಲ್ಲ. ದೊಡ್ಡ ಬ್ಯಾಟರಿಯನ್ನು ಸಂಜೆಯೇ ಪೂರ್ತಿ ಚಾರ್ಜ್ ಮಾಡಿದ್ದ. ತುಂಬಿದ ಬಾವಿಯ ಪಕ್ಕದಲ್ಲಿ ಹಗ್ಗವಿಲ್ಲದೆ ನಿಂತಂತೆ ಆಯಿತು.

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಬೇಕು. ಬ್ಯಾಟರಿ ಗಾಡಿಯಲ್ಲಿ ಚಕ್ರ ತಿರುಗಿಸುವುದು ದೊಡ್ಡ ಬ್ಯಾಟರಿ. ಆದರೆ ಸುರಕ್ಷತೆಗಾಗಿ ಗಾಡಿ ನಿಂತಾಗ ಅದರ ಸಂಪರ್ಕವನ್ನು ಕಡಿದಿಟ್ಟಿರುತ್ತಾರೆ. ಕೀಲಿ ತಿರುಗಿಸಿದಾಗ ಗಾಡಿಯ ಕಂಪ್ಯೂಟರನ್ನು ಎಬ್ಬಿಸಿ, ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚನ್ನು ಮುಚ್ಚಿಸುವುದು ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ. ಗಾಡಿ ಎದ್ದ ಮೇಲೆ ಡಿಸಿ-ಡಿಸಿ ಕನ್ವರ್ಟರ್ ಎಂಬ ಸಾಧನ ದೊಡ್ಡದರ ವೋಲ್ಟೇಜು ತಗ್ಗಿಸಿ ಚಿಕ್ಕದನ್ನು ತುಂಬುತ್ತದೆ. ಚಿಕ್ಕದು ಸತ್ತರೆ ದೊಡ್ಡದನ್ನು ಎಬ್ಬಿಸುವವರೇ ಇಲ್ಲ.

ಲೆಕ್ಕ ಎಂಟನೆಯ ತರಗತಿಯ ಮಟ್ಟದ್ದು. ಚಿಕ್ಕ ಬ್ಯಾಟರಿ 35 ಆಂಪಿಯರ್-ಅವರ್. ಹನ್ನೆರಡರಿಂದ ಗುಣಿಸಿದರೆ 420 ವ್ಯಾಟ್-ಅವರ್. ಒಂದೊಂದು ಫ್ಯಾನು 40 ವ್ಯಾಟು, ಎರಡಕ್ಕೆ 80. ಭಾಗಿಸಿದರೆ ಐದೂಕಾಲು ಗಂಟೆ. ರಾತ್ರಿ ಹತ್ತಕ್ಕೆ ಹಾಕಿದರೆ ಮೂರೂಕಾಲಿಗೆ ಬ್ಯಾಟರಿ ಪೂರ್ತಿ ಬರಿದು. ಗಾಡಿಯನ್ನು ಎಬ್ಬಿಸುವ ಶಕ್ತಿಯಂತೂ ಅದಕ್ಕೂ ಮೊದಲೇ ಹೋಗಿರುತ್ತದೆ. ಅವನು ಹೊರಡಬೇಕಾಗಿದ್ದದ್ದು ನಾಲ್ಕಕ್ಕೆ. ನಾನು ಆ ಭಾನುವಾರ ಕಾಫಿ ಲೋಟ ಕೆಳಗಿಡುವುದರೊಳಗೆ ಮಾಡಬಹುದಾಗಿದ್ದ ಲೆಕ್ಕ ಇದು.

ಮುಂದಿನದು ಇನ್ನೂ ಕೆಟ್ಟದ್ದು. ಕತ್ತಲೆ, ಗೂಡಿನ ಅವಸರ. ಪಕ್ಕದ ಮನೆಯ ಟ್ರಾಕ್ಟರಿನ ಬ್ಯಾಟರಿ ತಂದು ಸಂಪರ್ಕ ಕೊಡುವಾಗ ಪ್ಲಸ್ಸು ಮೈನಸ್ಸು ಅದಲುಬದಲಾಯಿತು. ಕನ್ವರ್ಟರ್ ಸುಟ್ಟಿತು. ಗೂಡನ್ನು ಬೇರೆ ಗಾಡಿಗೆ ತುಂಬಿ ಮಾರುಕಟ್ಟೆ ಮುಟ್ಟಿಸುವ ಹೊತ್ತಿಗೆ ಹರಾಜು ಮುಗಿಯುತ್ತ ಬಂದಿತ್ತು. ರೈತನಿಗೆ ಬಿದ್ದುಹೋದ ಬೆಲೆಯನ್ನು ಇವನೇ ತುಂಬಿಕೊಟ್ಟ.

ಸರ್ವೀಸ್ ಸೆಂಟರಿನವರು ಟೇಪು ಸುತ್ತಿದ ತಂತಿಯನ್ನು ಕಂಡೊಡನೆ ಫೋಟೋ ತೆಗೆದುಕೊಂಡರು. ಕಂಪನಿಯ ಒಪ್ಪಿಗೆಯಿಲ್ಲದ ಜೋಡಣೆ, ವಾರಂಟಿ ಅನ್ವಯಿಸುವುದಿಲ್ಲ ಎಂದು ಜಾಬ್ ಕಾರ್ಡಿನಲ್ಲಿ ಬರೆದರು. ಕನ್ವರ್ಟರಿನ ಬೆಲೆ ಅವನ ಎರಡು ಕಂತಿಗಿಂತ ಹೆಚ್ಚು. ಸಾಲದ್ದಕ್ಕೆ, ಫ್ಯಾನು ಹಾಕಿಸುವ ಮೊದಲೇ ಅವನು ದೂರು ಕೊಟ್ಟಿದ್ದ ಚಾರ್ಜಿಂಗ್ ಸಾಕೆಟ್ಟನ್ನೂ ಬದಲಿಸಿಕೊಡುವುದಿಲ್ಲ ಎಂದರು. ಸಂಜೆ ಅವನ ತಂದೆಯೂ ಜೊತೆಗೆ ಬಂದರು. "ಮೇಷ್ಟ್ರೇ, ನಿಮ್ಮನ್ನ ಕೇಳೇ ಹಾಕಿಸಿದ್ದಂತಲ್ಲ" ಎಂದಷ್ಟೇ ಅಂದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಇದ್ದಿದ್ದರೆ ವಾಸಿಯಾಗಿತ್ತು.

ಆ ರಾತ್ರಿ ವಾರಂಟಿ ಪುಸ್ತಕವನ್ನು ಪರೀಕ್ಷೆಗೆ ಕೂತವನಂತೆ ಓದಿದೆ. ಹೊರಗಿನ ಜೋಡಣೆಯಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ ಎಂದಿತ್ತು. 'ಉಂಟಾದ' ಎಂಬ ಪದದ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಕನ್ವರ್ಟರ್ ಸುಟ್ಟದ್ದು ನಮ್ಮ ಕೈಯಿಂದಲೇ. ಅದನ್ನು ಕೇಳುವ ಮುಖ ನಮಗಿಲ್ಲ. ಆದರೆ ಫ್ಯಾನಿಗೂ ಚಾರ್ಜಿಂಗ್ ಸಾಕೆಟ್ಟಿಗೂ ಏನು ಸಂಬಂಧ? ಕಾರಣ ಮೊದಲು, ಪರಿಣಾಮ ಆಮೇಲೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಇಲ್ಲಿ ದೂರೇ ಫ್ಯಾನಿಗಿಂತ ಹಳೆಯದು.

ಅಮೆರಿಕದಲ್ಲಿ 1975ರಿಂದ ಇದಕ್ಕೆಂದೇ ಒಂದು ಕಾನೂನಿದೆ. ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆ ಎಂದು ಹೆಸರು. ಹೊರಗಿನ ಭಾಗ ಹಾಕಿಸಿಕೊಂಡ ಮಾತ್ರಕ್ಕೆ ವಾರಂಟಿಯನ್ನೇ ನಿರಾಕರಿಸುವಂತಿಲ್ಲ. ಕೆಟ್ಟದ್ದು ಅದರಿಂದಲೇ ಎಂದು ಕಂಪನಿ ತೋರಿಸಬೇಕು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿದೆ, ಜಿಲ್ಲಾ ಗ್ರಾಹಕರ ಆಯೋಗವಿದೆ. ವಕೀಲರಿಲ್ಲದೆ ತಾವೇ ಅರ್ಜಿ ಹಾಕಬಹುದು. ನಾವು ಅಲ್ಲಿಯವರೆಗೆ ಹೋಗಲಿಲ್ಲ. ಮೊದಲ ದೂರಿನ ರಸೀದಿ, ಫ್ಯಾನಿನ ಬಿಲ್ಲು, ಎರಡರ ತಾರೀಖು ತೋರಿಸಿ ಕಂಪನಿಗೆ ಒಂದು ಪುಟದ ಪತ್ರ ಬರೆದೆ. ಫ್ಯಾನಿನ ಬಿಲ್ಲನ್ನು ಮುಚ್ಚಿಡೋಣ ಎಂದು ಹುಡುಗ ಹೇಳಿದ್ದ, ನಾನು ಒಪ್ಪಲಿಲ್ಲ. ಆ ಬಿಲ್ಲೇ ನಮ್ಮ ಸಾಕ್ಷಿಯಾಯಿತು. ಹದಿನೈದು ದಿನದಲ್ಲಿ ಸಾಕೆಟ್ಟನ್ನು ಪುಕ್ಕಟೆಯಾಗಿ ಬದಲಿಸಿದರು. ಕನ್ವರ್ಟರಿಗೆ ಅವನು ಹಣ ಕಟ್ಟಿದ. ಅರ್ಧ ನಾನು ಕೊಡುತ್ತೇನೆಂದರೆ ಅವನ ತಂದೆ ಕೈ ಮುಗಿದು ಬೇಡವೆಂದರು.

ಸರ್ವೀಸ್ ಸೆಂಟರಿನ ಮೆಕ್ಯಾನಿಕ್ ಹುಡುಗನೊಬ್ಬ ನನಗೆ ಬಹಳಷ್ಟು ಹೇಳಿಕೊಟ್ಟ. ಕಿತ್ತಳೆ ಬಣ್ಣದ ಕೇಬಲ್ಲು ಎಲ್ಲಿ ಕಂಡರೂ ಅದು ದೊಡ್ಡ ವೋಲ್ಟೇಜಿನದು, ಹತ್ತಿರ ಸುಳಿಯಬಾರದು. ಬ್ಯಾಟರಿ ಪೆಟ್ಟಿಗೆಯ ಮೇಲೆ ಐಪಿ 67 ಎಂದಿದ್ದರೆ ಧೂಳು ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಬಂಪರ್ ಕೂರಿಸಲೆಂದು ಅಲ್ಲೊಂದು ತೂತು ಕೊರೆದರೆ ಆ ಭರವಸೆ ಮುಗಿಯಿತು. ಗಾಡಿ ದೋಷ ತೋರಿಸಿದಾಗ ಹೊರಗಿನ ವೈರುಗಳಿದ್ದರೆ ಮೊದಲು ಅವನ್ನೆಲ್ಲ ಕಿತ್ತು ನೋಡಬೇಕು, ಆ ಕೂಲಿ ಗಿರಾಕಿಯದೇ. ಬೇಕೇಬೇಕೆಂದರೆ ಕಂಪನಿಯ ಪಟ್ಟಿಯಲ್ಲಿರುವ ಸಾಮಾನನ್ನು ಅವರಿಂದಲೇ ಹಾಕಿಸಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ವಿಮೆಯವರಿಗೂ ತಿಳಿಸಬೇಕು, ಅಧಿಕ ಜೋಡಣೆಗೆ ಸ್ವಲ್ಪ ಹೆಚ್ಚಿನ ಪ್ರೀಮಿಯಂ ತೆಗೆದುಕೊಳ್ಳುತ್ತಾರೆ.

ಗೌರಿಬಿದನೂರಿನಲ್ಲಿ ನನ್ನ ಬಂಧುವೊಬ್ಬರು ತರಕಾರಿ ಹೆಚ್ಚು ಹಿಡಿಸಲೆಂದು ಇಂಥದೇ ಟ್ರಕ್ಕಿಗೆ ಕಬ್ಬಿಣದ ಎತ್ತರದ ಕಟಾಂಜನ ಮಾಡಿಸಲು ಹೊರಟಿದ್ದರು. ಈ ಸಲ ನಾನು ಲೆಕ್ಕ ಹಾಕಿದೆ. ಟಾಟಾ ಕಂಪನಿ 2022ರ ಮೇ ತಿಂಗಳಲ್ಲಿ ಹೊರತಂದ ಏಸ್ ಇವಿಯ ಮೊದಲ ಮಾದರಿ ಹೊರುವ ತೂಕ 600 ಕಿಲೋ. ಅಂಥದರ ಮೇಲೆ 60 ಕಿಲೋ ಕಬ್ಬಿಣ ಹೇರಿದರೆ ಹತ್ತು ಬಾಡಿಗೆಯಲ್ಲಿ ಒಂದನ್ನು ಕಬ್ಬಿಣಕ್ಕೇ ಪುಕ್ಕಟೆ ಹೊಡೆದಂತೆ. ಜೊತೆಗೆ ಎತ್ತರದ ಡಬ್ಬ ಗಾಳಿಯನ್ನು ತಳ್ಳುತ್ತ ಚಾರ್ಜನ್ನೂ ತಿನ್ನುತ್ತದೆ. ಇನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು: ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಬಂಧುಗಳು ಕಟಾಂಜನ ಕೈಬಿಟ್ಟರು, ಆದರೆ ನನ್ನ ಮೇಲೆ ಮುನಿಸು ಇನ್ನೂ ಇಳಿದಿಲ್ಲ.

ನನ್ನ ಶಿಷ್ಯ ಈಗ ಪ್ರತ್ಯೇಕ ಬ್ಯಾಟರಿಯೊಂದನ್ನು ಮನೆಯಲ್ಲೇ ಚಾರ್ಜ್ ಮಾಡಿ ಡಬ್ಬದಲ್ಲಿ ಇಡುತ್ತಾನೆ. ಫ್ಯಾನು ಅದರಿಂದ ತಿರುಗುತ್ತದೆ. ಗಾಡಿಯ ಒಂದು ತಂತಿಯನ್ನೂ ಮುಟ್ಟಿಲ್ಲ. ಹೋದ ತಿಂಗಳು ಮತ್ತೆ ಬಂದಿದ್ದ. ರಿವರ್ಸ್ ಕ್ಯಾಮೆರಾ ಹಾಕಿಸಬೇಕಂತೆ, ಹಳ್ಳಿಯ ಓಣಿಗಳಲ್ಲಿ ಮಕ್ಕಳು ಗಾಡಿಯ ಹಿಂದೆಯೇ ಆಡುತ್ತಿರುತ್ತಾರಂತೆ. ಎಷ್ಟು ವ್ಯಾಟು, ಎಲ್ಲಿಂದ ಸಂಪರ್ಕ ಎಂದು ನಾನು ಉತ್ಸಾಹದಿಂದ ಶುರುಮಾಡಿದೆ. ಅವನು ಕಂಕುಳಲ್ಲಿದ್ದ ವಾರಂಟಿ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟ.

"ಅದೆಲ್ಲ ಬೇಡ ಸಾರ್. ಹಾಕಿಸ್ಬೋದಾ ಅಂತ ಕಂಪನೀನೇ ಕೇಳ್ತೀನಿ. ನೀವು ಇಂಗ್ಲಿಷಲ್ಲಿ ಒಂದು ಲೆಟರ್ ಬರ್ಕೊಡಿ, ಸಾಕು."