ಗಂಗೂಬಾಯಿಯವರ ದಪ್ಪ ದನಿ

ಮೊದಲೇ ಹೇಳಿಬಿಡುತ್ತೇವೆ. ನಮಗೆ ಶಾಸ್ತ್ರೀಯ ಸಂಗೀತ ಬರೋದಿಲ್ಲ. ನಮ್ಮನ್ನು ಯಾರೂ ತಂಬೂರಿ ಮುಂದೆ ಕೂರಿಸಿ ಸರಿಗಮ ಹೇಳಿಕೊಡಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೈರನ್ನು ಕೇಳಿ ಎದ್ದವರು ನಾವು. ನಮ್ಮ ಅಪ್ಪಂದಿರು ಕುಲುಮೆ ಮುಂದೆ ನಿಂತೂ ನಿಂತೂ ಕಿವಿ ಮಂದ ಮಾಡಿಕೊಂಡಿದ್ದರು. ಮನೆಯಲ್ಲಿ ಕೂಗಿಯೇ ಮಾತಾಡಬೇಕಿತ್ತು. ಸಣ್ಣ ದನಿ ನಮ್ಮ ಕೇರಿಯಲ್ಲಿ ಬೆಳೆಯಲೇ ಇಲ್ಲ.

1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಯಿತು. ಇಡೀ ಲೈನಿಗೆ ಒಂದೇ ರೇಡಿಯೋ. ಒಂದು ಸಂಜೆ ಅದರಲ್ಲಿ ಯಾರೋ ಹಾಡುತ್ತಿದ್ದರು. "ಇದ್ಯಾವ ಗಂಡಸಪ್ಪಾ, ಎದೆ ಬಿಚ್ಚಿ ಕೂಗ್ತಾನೆ" ಅಂದಳು ನಮ್ಮವ್ವ. ಹಾಡು ಮುಗಿದ ಮೇಲೆ ಹೆಸರು ಹೇಳಿದರು, ಗಂಗೂಬಾಯಿ ಹಾನಗಲ್ ಅಂತ. ಅವ್ವ ನಕ್ಕುಬಿಟ್ಟಳು. "ಹೆಂಗ್ಸೇ? ಹಂಗಾದ್ರೆ ನಮ್ಮ ಗಂಟ್ಲೇನೂ ಕೆಟ್ಟಿಲ್ಲ ಬಿಡು."

ಅಕ್ಕ ನಗಲಿಲ್ಲ. ಅವಳಿಗೆ ಆಗ ಹನ್ನೆರಡಿರಬೇಕು. ಶಾಲೆಯ ಪ್ರಾರ್ಥನೆಯಲ್ಲಿ ಒಬ್ಬ ಮೇಷ್ಟ್ರು ಅವಳನ್ನ ಹಿಂದಿನ ಸಾಲಿಗೆ ನಿಲ್ಲಿಸಿ, "ನಿಂದು ಗಂಡು ದನಿ, ಸುಮ್ಮನೆ ಬಾಯಾಡಿಸು ಸಾಕು" ಅಂದಿದ್ದರು. ದನಿಯ ಜೊತೆ ಕೇರಿಯ ಹೆಸರೂ ಆ ಮಾತಿನಲ್ಲಿ ಸೇರಿತ್ತು ಅನ್ನೋದು ನಮಗೆ ತಿಳಿದದ್ದು ಬಹಳ ತಡವಾಗಿ.

ಈಗ ಶಿವಮೊಗ್ಗದಲ್ಲಿ ನಾವು ನಾಲ್ಕೈದು ಮಂದಿ ನಿವೃತ್ತ ಮೇಷ್ಟ್ರುಗಳು ಭಾನುವಾರ ಸೇರುತ್ತೇವೆ. ಒಬ್ಬ ಗೆಳೆಯನ ಹತ್ತಿರ ಪ್ಲೇಯರ್ ಇದೆ. ಎಲ್ಲೆಲ್ಲಿಂದಲೋ ಕೂಡಿಸಿದ ಹಳೇ ಪ್ಲೇಟು, ಕ್ಯಾಸೆಟ್ಟು ಇವೆ. ಗಂಗೂಬಾಯಿಯವರ ಮೊದಲ ರೆಕಾರ್ಡುಗಳನ್ನೂ ಇಳಿವಯಸ್ಸಿನವನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆವು.

1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ ಅವರನ್ನು 'ಗಾಂಧಾರಿ ಹಾನಗಲ್' ಎಂಬ ಹೆಸರಲ್ಲಿ ಮುದ್ರಿಸಿತು. ಪ್ಲೇಟಿನ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲೇ ಚೀಜು, ತಾನು ಎಲ್ಲ ಮುಗಿಯಬೇಕು. ಎಳೆಯ, ಚೂಪಾದ ದನಿ. ತಾನುಗಳು ಪಟಪಟನೆ ಉದುರುತ್ತವೆ. ಚೆನ್ನಾಗಿಲ್ಲ ಅನ್ನಲು ಬಾಯಿ ಬಾರದು. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ದನಿ ಕೆಳಗಿಳಿಯಿತು, ಗಂಡು ದನಿಯಾಯಿತು. ಬಲ್ಲವರಲ್ಲಿ ಕೆಲವರ ತೀರ್ಪು ಇಷ್ಟೇ: ಮೊದಲಿನದು ಬಂಗಾರ, ಆಮೇಲಿನದು ದನಿ ಕಳಕೊಂಡವರ ಛಲ.

ನಾವು ಇದನ್ನು ಒಪ್ಪೋದಿಲ್ಲ. ಲಾಂಗ್ ಪ್ಲೇ ಬಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ ಕಿರಾಣಾ ಗಾಯಕಿಗೆ ಬೇಕಾದದ್ದೇ ಆ ಪುರುಸೊತ್ತು. ಆಕಾಶವಾಣಿ ಸ್ಟುಡಿಯೋದ ಅವರ ಮಾರ್ವಾ ಕೇಳಿ. ಆ ರಾಗಕ್ಕೆ ಪಂಚಮವಿಲ್ಲ. ಷಡ್ಜದ ಹತ್ತಿರ ಬಂದೂ ಕೂರುವುದಿಲ್ಲ, ಬಾಗಿಲ ಹೊರಗೇ ಅಡ್ಡಾಡುತ್ತದೆ. ಕೋಮಲ ರಿಷಭದ ಮೇಲೆ ಅವರು ನಿಲ್ಲುವಾಗ ದನಿ ಒರಟಾಗಿಯೇ ಇರುತ್ತದೆ, ಒಂದಿಷ್ಟೂ ಅಲುಗುವುದಿಲ್ಲ. ತೆಳು ದನಿಯಲ್ಲಿ ಅಷ್ಟು ಭಾರ ಹೊರಲಾಗದು ಅಂತ ನಮಗನ್ನಿಸುತ್ತದೆ.

ಎಲ್ಲವೂ ಸಮ ಇವೆ ಅಂತಲ್ಲ. ತೀರಾ ಕೊನೆಯವುಗಳಲ್ಲಿ ಉಸಿರು ತುಂಡಾಗುತ್ತದೆ. ದ್ರುತದಲ್ಲಿ ತಾನು ಕಾಲೆಳೆಯುತ್ತದೆ. ಮೇಲಿನ ಷಡ್ಜವನ್ನು ಮುಟ್ಟಿ ಮಗಳು ಕೃಷ್ಣಾ ಅವರ ದನಿಗೆ ಒಪ್ಪಿಸಿಬಿಡುತ್ತಾರೆ. ಕೆಲವು ಕ್ಯಾಸೆಟ್ಟುಗಳನ್ನ ಹೊರಗೆ ತರದಿದ್ದರೂ ನಡೀತಿತ್ತು. ಆದರೆ ತಾಯಿ ಬಿಟ್ಟ ಸ್ವರವನ್ನ ಮಗಳು ಎತ್ತಿಕೊಳ್ಳುವ ಆ ಜಾಗಗಳನ್ನ ನಾವಂತೂ ಮತ್ತೆ ಮತ್ತೆ ಕೇಳಿದ್ದೇವೆ.

ನಮ್ಮಲ್ಲೇ ಒಬ್ಬ ಸಿಟ್ಟಾದ. "ಅರಮನೆ, ಅಗ್ರಹಾರದ ಸಂಗೀತ ನಮಗ್ಯಾಕಲೇ? ತಮಟೆ ಸಾಲದಾ?" ತಮಟೆ ಬೇಕೇ ಬೇಕು. ಆದರೆ ಈಯಮ್ಮ ಅಗ್ರಹಾರದವರಾ? 1913ರಲ್ಲಿ ಧಾರವಾಡದಲ್ಲಿ, ಹಾಡುವ ಹೆಂಗಸರ ಮನೆತನದಲ್ಲಿ ಹುಟ್ಟಿದವರು. ಶುಕ್ರವಾರಪೇಟೆಯಲ್ಲಿ ಹುಡುಗಿಯಾಗಿದ್ದಾಗ ಬ್ರಾಹ್ಮಣರ ತೋಟದಲ್ಲಿ ಮಾವಿನಕಾಯಿ ಕದ್ದಿದ್ದರಂತೆ. ಕದ್ದದ್ದಕ್ಕಲ್ಲ, ಹಾಡೋರ ಮಗಳು ತೋಟಕ್ಕೆ ಕಾಲಿಟ್ಟಳಲ್ಲ ಅಂತ ಆ ಮನೆಯವರಿಗೆ ಕೋಪ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗಲೂ, ಊಟದ ಎಂಜಲು ಎತ್ತು ಅಂದುಬಿಟ್ಟಾರೇನೋ ಎಂಬ ಭಯ ಆ ಮಗುವಿಗೆ. ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಗಂಡಸರು ಹಾಡಿದರೆ ಪಂಡಿತರೋ ಉಸ್ತಾದರೋ ಆಗುತ್ತಾರೆ, ಹೆಂಗಸರು ಬಾಯಿಗಳಾಗಿಯೇ ಉಳೀತಾರೆ ಅನ್ನೋ ಮಾತೂ ಅವರದೇ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಆದರೂ ಕೊನೆತನಕ 'ಬಾಯಿ'ಯೇ.

ಗೆಳೆಯ ಪೂರ್ತಿ ಸೋಲಲಿಲ್ಲ. "ಅವರೇನೋ ಸರಿ, ಎದುರಿಗೆ ಕೂತು ತಲೆದೂಗಿದೋರು ಯಾರು ಹೇಳು" ಅಂದ. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಮ್ಮಂಥವರ ಕಿವಿಗೆ ಅವರು ಬಿದ್ದದ್ದು ರೇಡಿಯೋ, ಪ್ಲೇಟುಗಳ ದಾರಿಯಿಂದಲೇ ಹೊರತು ಸಭೆಯಿಂದಲ್ಲ.

ಅವರು ಕೊನೆಯ ಕಚೇರಿ ಮಾಡಿದ್ದು 2006ರಲ್ಲಿ, ತೊಂಬತ್ತು ದಾಟಿದ ಮೇಲೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ಹೋದ ಭಾನುವಾರ ಅಕ್ಕನನ್ನ ಭದ್ರಾವತಿಯಿಂದ ಬಸ್ಸಿನಲ್ಲಿ ಕರಕೊಂಡು ಬಂದೆವು. ಆ ಪ್ರಾರ್ಥನೆ ದಿನದಿಂದ ಅವಳು ನಾಲ್ಕು ಜನರ ಎದುರು ಹಾಡಿದ್ದನ್ನ ನಾವು ಕಂಡಿಲ್ಲ. ಮದುವೆ ಮನೆಯ ಸೋಬಾನೆಗೂ ಹಿಂದೆಯೇ ಕೂರುತ್ತಾಳೆ. ಲಾಂಗ್ ಪ್ಲೇ ಹಾಕಿದೆವು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಇಪ್ಪತ್ತು ನಿಮಿಷ ಮಾತಿಲ್ಲದೆ ಕೂತಿದ್ದಳು. ಮುಳ್ಳು ಕೊನೆಗೆ ಬಂದು ಗರಗರ ಅಂದಿತು.

"ಆ ಕಡೆ ಮಗ್ಗುಲೂ ಹಾಕ್ರೋ" ಅಂದಳು.